ಮಗಳ ಬೆವರುಸಾಲೆ ಮತ್ತು ಪಡುಬದಿಯ ಕಿಟಕಿ

ಹೋದ ಬೇಸಿಗೆಯಲ್ಲಿ ಒಂದು ದಿನ ಕೋಟದ ಬಸ್ ಸ್ಟಾಪಿನಲ್ಲಿ ಕುಂದಾಪುರದ ಬಸ್ಸಿಗೆ ಕಾಯುತ್ತಿದ್ದೆ. ನೆರಳಿದ್ದ ಕಡೆ ಒಬ್ಬ ಎಳೆ ಬಾಣಂತಿ ಕೂತಿದ್ದಳು. ಪಕ್ಕದಲ್ಲಿ ಅವಳ ಅಮ್ಮ, ಅಮ್ಮನ ಮಡಿಲಲ್ಲಿ ಒಂದು ಬಟ್ಟೆಯ ಗಂಟು. ಗಂಟಿನ ತುದಿಗೆ ಉಣ್ಣೆಯ ಟೊಪ್ಪಿ, ಟೊಪ್ಪಿಯ ಕೆಳಗೆ ಅಂಗೈಯಷ್ಟು ಮುಖ. ಡಾಂಬರಿನಿಂದ ಬಿಸಿ ಎದ್ದು ಎದುರಿನ ಅಂಗಡಿಗಳೆಲ್ಲ ನಡುಗುತ್ತಿದ್ದಂತೆ ಕಾಣುವ ಹೊತ್ತು ಅದು. ಮಗು ಬಾಯಿ ತೆರೆದು ಅತ್ತಾಗ ಕುತ್ತಿಗೆಯ ಮಡಿಕೆ ಕಂಡಿತು. ಕೆಂಪು ಸಾಸಿವೆ ಚೆಲ್ಲಿದ ಹಾಗೆ.

ಆ ಕೆಂಪು ನನಗೆ ಗೊತ್ತು.

ನಾನು ನೋಡುತ್ತಿರುವುದನ್ನು ಕಂಡು ಆ ಅಮ್ಮ ತಾವಾಗಿಯೇ ಹೇಳಿದರು. "ಕೆಂಪು ಆಯ್ತ್ ಮಾರಾಯ್ತಿ. ಗಾಳಿ ತಾಗ್ಸುಕಾಗ ಅಂಬ್ರ್. ಅದಕ್ಕೇ ಹೀಂಗ್ ಸುತ್ಕಂಡ್ ಡಾಕ್ಟ್ರ ಹತ್ರ ಹೊರ್ಟದ್ದ್."

ಡಾಕ್ಟರ ಹತ್ತಿರ ಹೊರಟವರಿಗೆ ನಾನೇನು ಮದ್ದು ಹೇಳುವುದು? "ಟೊಪ್ಪಿ ಒಂದಾರೂ ತೆಗಿನಿ ಅಮ್ಮ. ನನ್ ಮಗ್ಳಿಗೂ ಹೀಂಗೇ ಆಯಿತ್ತ್," ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಟೊಪ್ಪಿ ತೆಗೆದರು. ಮಗುವಿನ ತಲೆಗೂದಲು ಆಗಷ್ಟೇ ಮಿಂದಂತೆ ಒದ್ದೆಯಾಗಿತ್ತು.

ಅವರ ಬಸ್ಸು ಬಂತು. ಆ ಹುಡುಗಿ ಮೆಟ್ಟಿಲು ಹತ್ತಿ ತಿರುಗಿ ಕೂಗಿದಳು. "ಅಕ್ಕಾ, ನಿಮ್ ಮಗ್ಳ್ ಈಗ...?"

"ಹೈಸ್ಕೂಲ್!" ಎಂದು ನಾನೂ ಕೂಗಿದೆ.

ಆ ಒಂದು ಶಬ್ದಕ್ಕೆ ಅವಳ ಮುಖ ಸಡಿಲವಾದದ್ದನ್ನು ನೀವು ನೋಡಬೇಕಿತ್ತು. ಇದನ್ನು ಬರೆಯುತ್ತಿರುವುದು ಆ ಮುಖಕ್ಕಾಗಿ.

ನಾನು ಹುಟ್ಟಿದ್ದು ಕಿರಿಮಂಜೇಶ್ವರದ ಕಡಲ ಬದಿಯಲ್ಲಿ. ಅಪ್ಪಯ್ಯ ಗಂಗೊಳ್ಳಿಯ ಬೋಟಿಗೆ ಹೋದರೆ ವಾರಗಟ್ಟಲೆ ಮನೆಗಿಲ್ಲ. ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ನಮ್ಮ ಪೈಕಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಬಿ.ಎಸ್ಸಿ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದಿಂದ ಎದ್ದು ಹೋಗಿ ಮೂಗಿಗೆ ಕರ್ಚೀಫು ಹಿಡಿದವರ ನಡುವೆ ಓದಿದ ಡಿಗ್ರಿ ಅದು. ಅಮ್ಮ ಅದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದಾಳೆ. ಸಂಜೆ ದೀಪ ಹಚ್ಚುವಾಗ ಅದಕ್ಕೂ ಊದುಬತ್ತಿ ಬೆಳಗುತ್ತಾಳೆ. ಪ್ರಾಣಿಶಾಸ್ತ್ರದ ಪರೀಕ್ಷೆಯಲ್ಲಿ ಚರ್ಮದ ಚಿತ್ರ ಬಿಡಿಸಿ, ಬೆವರಿನ ಗ್ರಂಥಿಗೆ ಬಾಣ ಎಳೆದು ಹೆಸರು ಬರೆದಿದ್ದೆ. ಅದು ಕಾಗದದ ಚರ್ಮ. ಜೀವ ಇರುವ ಚರ್ಮವನ್ನು ನಾನು ಕಣ್ಣಿಟ್ಟು ನೋಡಿದ್ದು ಮಗಳು ಹುಟ್ಟಿದ ಮೇಲೆಯೇ.

ಎರಡು ಸಾವಿರದ ನಾಲ್ಕರ ಬೇಸಿಗೆ. ಚೊಚ್ಚಲ ಹೆರಿಗೆಯಾದ್ದರಿಂದ ತವರಿಗೆ ಬಂದಿದ್ದೆ. ನನ್ನ ಗಂಡ ರಾಘು ಕೋಟದವರು, ಮೀನಿನ ಟೆಂಪೊ ಓಡಿಸುತ್ತಾರೆ. ಹೆರಿಗೆ ಕುಂದಾಪುರದಲ್ಲಿ ಆಯಿತು. ಮಗು ಸ್ವಲ್ಪ ಸಣ್ಣ ಎಂದರು, ಬೇರೆ ತೊಂದರೆಯಿಲ್ಲ ಎಂದರು, ಮನೆಗೆ ಕಳಿಸುವಾಗ "ಬೆಚ್ಚಗೆ ಇಟ್ಕೊಳ್ಳಿ" ಎಂದರು. ಆ ಮಾತು ಅಮ್ಮನ ಕಿವಿಯಲ್ಲಿ ಹೋಗಿ ಕೂತಿತು.

ನಮ್ಮ ಮನೆಯ ಪಡುಬದಿಯ ಕೋಣೆಗೆ ಒಂದು ಕಿಟಕಿಯಿದೆ. ತೆರೆದರೆ ಗಾಳಿಮರದ ಸಾಲು, ಅದರಾಚೆ ಕಡಲು. ಬೇಸಿಗೆಯಲ್ಲಿ ಹೊತ್ತು ಏರುತ್ತಿದ್ದಂತೆ ಆ ಕಿಟಕಿಯಿಂದ ಗಾಳಿ ಬರಲು ಶುರುವಾದರೆ ಸಂಜೆಯವರೆಗೂ ನಿಲ್ಲುವುದಿಲ್ಲ. ಓದುವ ಕಾಲದಲ್ಲಿ ಪುಸ್ತಕದ ಮೇಲೆ ಕಲ್ಲು ಇಟ್ಟುಕೊಂಡು ಅಲ್ಲೇ ಓದುತ್ತಿದ್ದೆ. ನಾನು ಮಗುವಿನೊಂದಿಗೆ ಬಂದಿಳಿದಾಗ ಆ ಕಿಟಕಿ ಮುಚ್ಚಿತ್ತು. ಅದರ ಬಾಗಿಲ ಸಂದುಗಳಿಗೆಲ್ಲ ಅಮ್ಮ ಹಳೆ ಸೀರೆಯ ಚಿಂದಿ ತುರುಕಿದ್ದಳು.

"ಕಡ್ಲ್ ಗಾಳಿ ಮಗಿಗೆ ಆಪುದಲ್ಲ," ಎಂದಳು. ಅಷ್ಟೇ. ಆ ಕಿಟಕಿಯ ಬಗ್ಗೆ ಇನ್ನು ಮಾತಿಲ್ಲ ಎನ್ನುವಂತೆ.

ಆ ಕತ್ತಲೆ ಕೋಣೆಯಲ್ಲಿ ನಾನು ಮಗಳನ್ನು ನೋಡುತ್ತ ಕೂತೆ. ಏನೆಂದು ಹೇಳಲಿ? ಅಕ್ಕಿಕಾಳಿನಷ್ಟು ಉಗುರು, ಆ ಉಗುರಿಗೂ ಬುಡದಲ್ಲಿ ಬಿಳಿಯ ಚಂದ್ರ. ಉಸಿರು ಎಳೆದಾಗ ನೆತ್ತಿ ಮೆತ್ತಗೆ ಏಳುವುದು, ಇಳಿಯುವುದು. ಕಿವಿಯನ್ನು ದೀಪದ ಬೆಳಕಿಗೆ ಹಿಡಿದರೆ ಒಳಗೆ ಹರಿಯುವ ರಕ್ತ ಕಾಣುತ್ತಿತ್ತು. ಇದು ನನ್ನೊಳಗೆ ಆದದ್ದೇ ಎಂದು ನಂಬಲು ನನಗೆ ದಿನಗಳೇ ಬೇಕಾದವು.

ಮಗುವನ್ನು ಮೀಯಿಸಲು ಪಕ್ಕದ ಮನೆಯ ಸೀತಕ್ಕ ಬರುತ್ತಿದ್ದರು. ನಮ್ಮ ಕಡಲ ಬದಿಯ ಮಕ್ಕಳಲ್ಲಿ ಅರ್ಧಕ್ಕರ್ಧ ಅವರ ಕಾಲ ಮೇಲೆ ಮಿಂದವರೇ, ನಾನೂ ಸೇರಿ. ಕಾಲು ಚಾಚಿ ಕೂತು, ಮಗುವನ್ನು ಕಾಲುಗಳ ಮೇಲೆ ಮಲಗಿಸಿಕೊಂಡು, ತೆಂಗಿನೆಣ್ಣೆ ಹಾಕಿ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ದು, ಧೂಪದ ಹೊಗೆ ಹಿಡಿದು, ಮೈತುಂಬ ಪೌಡರು ಬಳಿದು ಸುತ್ತುವುದು. ಅವರು ಸುತ್ತುವುದು ಒಂದು ಕಲೆ. ಮೊದಲು ಮೆತ್ತನೆಯ ಪಂಚೆ ತುಂಡು, ಮೇಲೆ ಅಮ್ಮನ ಹಳೆ ಸೀರೆ, ಅದರ ಮೇಲೆ ಫ್ಲಾನೆಲ್ ಬಟ್ಟೆ. ಸಾಲದ್ದಕ್ಕೆ ಅಮ್ಮ ಟೊಪ್ಪಿ, ಕಾಲುಚೀಲ ಹಾಕಿ ಮೇಲೊಂದು ಟವೆಲು ಹೊದೆಸುವಳು. ಆ ಕಟ್ಟಿನೊಳಗೆ ಮಗು ಅಲುಗಾಡದೆ ನಿದ್ದೆ ಹೋಗುತ್ತಿತ್ತು. ಎಲ್ಲರೂ ಮೆಚ್ಚಿದರು. ನಾನೂ.

ಮೊದಲು ಕಂಡದ್ದು ಹಣೆಯಲ್ಲಿ. ಟೊಪ್ಪಿಯ ಅಂಚು ಕೂರುವ ಜಾಗದಲ್ಲಿ ಹರಳು ಹರಳಾಗಿ ಸಣ್ಣ ಸಣ್ಣ ಗುಳ್ಳೆ, ನೀರಿನ ಹನಿ ಚಿಮುಕಿಸಿದ ಹಾಗೆ. ಸೆರಗಿನಿಂದ ಒರೆಸಿದೆ, ಹೋಗಲಿಲ್ಲ. ನೀರು ಚರ್ಮದ ಮೇಲಿರಲಿಲ್ಲ, ಚರ್ಮದ ಒಳಗಿತ್ತು. ಅದಾದ ಮೇಲೆ ಕುತ್ತಿಗೆಯ ಮಡಿಕೆ, ಕಂಕುಳು, ಬೆನ್ನು ಎಲ್ಲ ಕೆಂಪು. ಬೆನ್ನಿನ ಮೇಲೆ ಕೈಯಾಡಿಸಿದರೆ ಮರಳು ಮೆತ್ತಿದ ಹಾಗೆ ತರಿತರಿ.

ಸೀತಕ್ಕ ನೋಡಿ, "ಕೆಂಪು," ಎಂದರು.

ನಮ್ಮ ಕಡೆ ಎಳೆಮಕ್ಕಳ ಮೈ ಹೀಗಾದರೆ ಅದಕ್ಕೆ ಕೆಂಪು ಎಂದೇ ಹೆಸರು. ಅದಕ್ಕೆ ಅದರದ್ದೇ ಪಥ್ಯ, ಅದರದ್ದೇ ಮದ್ದು. ಅಮ್ಮ ಎಲ್ಲಿಂದಲೋ ಸೊಪ್ಪು ಅರೆದು ಕಾಯಿಸಿದ ಎಣ್ಣೆ ತಂದಳು. ಹೊತ್ತು ಹೊತ್ತಿಗೆ ಹಚ್ಚಬೇಕು, ಹಚ್ಚಿದ ಮೇಲೆ ಗಾಳಿ ಸೋಕಬಾರದು. ಮನೆಯಲ್ಲಿ ಮೀನು ಹುರಿಯುವುದು ನಿಂತಿತು. ಮೀನು ಮಾರುವವಳ ಮನೆಯಲ್ಲಿ ಗಂಜಿ, ಉಪ್ಪಿನಕಾಯಿ! ಸುತ್ತುವ ಬಟ್ಟೆ ಇನ್ನೊಂದು ಪದರ ಹೆಚ್ಚಿತು. ಮಗಳ ಮೈ ಎಣ್ಣೆಯಲ್ಲಿ ಹೊಳೆಯಿತು, ಕೆಂಪು ಎದೆಗೂ ಇಳಿಯಿತು.

ರಾಘು ಗಂಗೊಳ್ಳಿಗೆ ಲೋಡಿಗೆ ಬಂದವರು ಹಾಗೇ ಬಂದು ಬಾಗಿಲಲ್ಲಿ ನಿಂತರು.

"ಅತ್ತೆ, ಒಂದ್ಸಲ ಎತ್ಕಂತೆ."

"ಕೈ ಕಾಣಿ, ಐಸ್ ಮುಟ್ಟಿ ಬಂದದ್ದ್. ತಂಡಿ ಕೈ. ಬ್ಯಾಡ."

"ತೊಳ್ಕಂಡೆ ಅತ್ತೆ."

"ತೊಳ್ದ್ರೂ ತಂಡಿಯೇ. ಅಲ್ಲಿಂದ್ಲೇ ಕಾಣಿ. ಮೂಗು ನಿಮ್ದೇ, ಬ್ಯಾರೆಯವ್ರದ್ದಲ್ಲ, ಹೆದ್ರಬೇಡಿ."

ರಾಘು ನಕ್ಕರು. ಆದರೆ ಹೋಗುವಾಗ ನನ್ನನ್ನು ಹಿತ್ತಲ ಬಾಗಿಲಿಗೆ ಕರೆದು, "ಒಳ್ಗ್ ಹೊಕ್ಕ್ರೆ ನಂಗೇ ಉಸ್ರ್ ಕಟ್ಟತ್ತ್ ಮಾರಾಯ್ತಿ, ಅದೆಷ್ಟ್ ಸಣ್ದ್," ಎಂದರು. ಆ ಮಾತು ನನ್ನನ್ನು ಚುಚ್ಚುತ್ತಲೇ ಇತ್ತು. ನನಗೂ ಬೆನ್ನೆಲ್ಲ ಬೆವರಿ ಸೀರೆ ಅಂಟುತ್ತಿತ್ತು. ಅವಳಿಗೆ?

ಆಮೇಲೆ ಒಂದು ಬೆಳಿಗ್ಗೆ ಮಗಳು ಮೊಲೆ ಬಾಯಿಗಿಟ್ಟರೂ ಸರಿಯಾಗಿ ಚೀಪಲಿಲ್ಲ. ಎರಡು ಸಲ ಎಳೆದು ಬಿಟ್ಟು ಸಣ್ಣ ದನಿಯಲ್ಲಿ ಅತ್ತಳು. ಕೆನ್ನೆ ನನ್ನ ಕೆನ್ನೆಗೆ ತಾಗಿದಾಗ ಬೆಚ್ಚಿಬಿದ್ದೆ. ಸುಡುತ್ತಿತ್ತು.

"ಆಸ್ಪತ್ರೆಗೆ ಹೋಪ," ಎಂದೆ.

ಅಮ್ಮನ ಮುಖ ಬಿಳುಚಿಕೊಂಡಿತು. "ಈ ಬಿಸ್ಲಗೆ? ಬಸ್ಸಗೆ? ಆ ಗಾಳಿಗೆ? ಕೆಂಪು ಒಳ್ಗ್ ಇಳ್ದ್ರೆ?"

"ಇಳ್ದಿತ್ತಾ ಇಲ್ಯಾ ಅಂದ್ ಕೇಂಬುಕೇ ಹೋಪುದ್."

"ಹೆಣೆ, ನೀ ದೊಡ್ಡ್ ಕಾಲೇಜಗೆ ಓದಿದ್ದ್ ಹೌದ್. ಮಗು ಸಾಕುದ್ ಅಲ್ಲಿ ಕಲ್ಸಿರಾ?"

"ಕಲ್ಸ್ಲಿಲ್ಲೆ. ಗೊತ್ತಿಲ್ದಿದ್ರೆ ಗೊತ್ತಿದ್ದವ್ರನ್ನ್ ಕೇಳ್ ಅಂದ್ ಕಲ್ಸಿರ್."

ನನ್ನ ದನಿ ನನಗೇ ಹೊಸತಾಗಿ ಕೇಳಿಸಿತು. ನನ್ನ ಓದು ನನಗೆ ಏನು ಕೊಟ್ಟಿತು ಎಂದು ಯಾರಾದರೂ ಕೇಳಿದರೆ ನಾನು ಆ ಬೆಳಿಗ್ಗೆಯನ್ನೇ ಹೇಳುತ್ತೇನೆ. ಬೆವರಿನ ಗ್ರಂಥಿಯ ಚಿತ್ರ ನನಗೆ ಉಪಯೋಗಕ್ಕೆ ಬರಲಿಲ್ಲ. ಡಾಕ್ಟರ ಎದುರು ನಿಂತು ಬಾಯಿ ಬಿಟ್ಟು ಕೇಳಬಹುದು ಎಂಬ ಧೈರ್ಯ ಬಂತು. ನಮ್ಮ ಅಜ್ಜಿಯರಿಗೆ ಅದು ಇರಲಿಲ್ಲ.

ಅಮ್ಮ ತಡೆಯಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ. ಬಿಸಿನೀರಿನ ಥರ್ಮಾಸು, ಒಂದು ಕಂಬಳಿ ಚೀಲಕ್ಕೆ ಹಾಕಿಕೊಂಡು ನನಗಿಂತ ಮೊದಲು ಹೆದ್ದಾರಿಗೆ ಹೋಗಿ ನಿಂತಳು. ಬಸ್ಸಿನಲ್ಲಿ ನನ್ನನ್ನು ಒಳಗಿನ ಸೀಟಿಗೆ ತಳ್ಳಿ, ಕಿಟಕಿಯ ಬದಿಗೆ ತಾನು ಕೂತು, ಸೆರಗು ಹರಡಿ ದಾರಿಯುದ್ದಕ್ಕೂ ಗಾಳಿ ತಡೆದಳು.

ಕುಂದಾಪುರದ ಆ ಮಕ್ಕಳ ಕ್ಲಿನಿಕ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಮ್ಮುವ ಮಕ್ಕಳು, ಅಳುವ ಮಕ್ಕಳು, ಸೂಜಿಗೆ ಹೆದರಿ ಅಮ್ಮನ ಸೀರೆಯೊಳಗೆ ಹೊಕ್ಕ ಮಕ್ಕಳು. ನರ್ಸೊಬ್ಬರು ನಮ್ಮ ಗಂಟನ್ನು ನೋಡಿ ಸೀದಾ ಬಂದರು.

"ಇದೆಂತ ಇದು? ಇದ್ರೊಳ್ಗೆ ಮಗು ಎಲ್ಲಿತ್ತ್?"

"ಎಳಿ ಮಗು. ಕೆಂಪು," ಎಂದಳು ಅಮ್ಮ.

ನರ್ಸು ಕಂಕುಳಿಗೆ ಥರ್ಮಾಮೀಟರ್ ಇಟ್ಟರು. ತೆಗೆದು ನೋಡಿದವರು ಬೇಗ ಬೇಗ ಒಳಗೆ ಹೋದರು. ಅವರ ಹಿಂದೆಯೇ ಡಾಕ್ಟರು ಹೊರಗೆ ಬಂದರು. ಸ್ವಲ್ಪ ವಯಸ್ಸಾದ ಹೆಂಗಸು. ಸರತಿಯಲ್ಲಿದ್ದವರನ್ನೆಲ್ಲ ಬಿಟ್ಟು ನಮ್ಮನ್ನು ಒಳಗೆ ಕರೆದರು. ಅಷ್ಟರಲ್ಲೇ ನನ್ನ ಜೀವ ಅರ್ಧ ಹೋಗಿತ್ತು.

ನೆತ್ತಿ ಮುಟ್ಟಿದರು. ಎದೆಗೆ ಕೊಳವೆ ಇಟ್ಟು ಕೇಳಿದರು. ಬೆರಳು ಕೊಟ್ಟು ಮಗು ಚೀಪುತ್ತದೆಯೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು. "ಮೈ ಬಿಸಿ ಇದೆ. ಇಷ್ಟು ಸಣ್ಣ ಮಗುವಿಗೆ ಜ್ವರ ಬಂದರೆ ನಾನು ಸುಮ್ಮನೆ ಮನೆಗೆ ಕಳಿಸುವುದಿಲ್ಲ. ಅಡ್ಮಿಟ್ ಮಾಡಿ ರಕ್ತ ನೋಡಬೇಕು. ಆದರೆ ಇದು ಜ್ವರವೋ, ಈ ಬಟ್ಟೆಯ ಬಿಸಿಯೋ, ಅದು ಮೊದಲು ಗೊತ್ತಾಗಲಿ. ಎಲ್ಲ ತೆಗೆಯಿರಿ. ಮೈಯ ಎಣ್ಣೆ ಒರೆಸಿ. ಅಲ್ಲಿ ಕೂತು ಹಾಲು ಕೊಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುತ್ತೇನೆ."

ಕಾಯುವ ಕೋಣೆಯ ಮೂಲೆಯ ಬೆಂಚಿನಲ್ಲಿ ಕೂತೆವು. ನರ್ಸು ಒಂದೊಂದೇ ಬಟ್ಟೆ ಬಿಚ್ಚಿ ಅಮ್ಮನ ಕೈಗೆ ಕೊಡತೊಡಗಿದರು. ಟವೆಲು. ಫ್ಲಾನೆಲ್. ಸೀರೆ. ಸುತ್ತಲಿನ ಹೆಂಗಸರೆಲ್ಲ ನೋಡುತ್ತಿದ್ದರು. ಅಮ್ಮನ ತೋಳ ಮೇಲೆ ಬಟ್ಟೆಯ ರಾಶಿಯೇ ಆಯಿತು.

"ಬಂಗುಡೆ ಪ್ಯಾಕ್ ಮಾಡ್ದಂಗ್ ಮಾಡಿರಲ್ಲ ಅಮ್ಮ," ಎಂದರು ನರ್ಸು.

ಅಮ್ಮನಿಗೆ ರೇಗಿತು. "ಬಂಗ್ಡಿಗೆ ನಾವ್ ಐಸ್ ಹಾಕುದ್. ಬಟ್ಟಿ ಹಾಕುದಿಲ್ಲೆ."

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ನಗದವಳು ಅಮ್ಮ ಒಬ್ಬಳೇ. ತಾನೇ ಆಡಿದ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ಅವಳು ಮಗುವಿನ ಬೆನ್ನನ್ನು ನೋಡುತ್ತ ಕೂತಳು.

ಒದ್ದೆ ಬಟ್ಟೆಯಿಂದ ಎಣ್ಣೆ ಒರೆಸಿ, ತೆಳ್ಳಗಿನ ಪಂಚೆ ತುಂಡೊಂದರ ಮೇಲೆ ಮಗಳನ್ನು ನನ್ನ ತೊಡೆಯಲ್ಲಿ ಮಲಗಿಸಿದರು. ಮೇಲೆ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಅಷ್ಟು ಜನರ ನಡುವೆ, ಹಗಲ ಬೆಳಕಿನಲ್ಲಿ, ಅವಳ ಇಡೀ ಮೈಯನ್ನು ನಾನು ಒಟ್ಟಿಗೇ ಕಂಡದ್ದು ಅದೇ ಮೊದಲು. ಕೋಣೆಯ ಕತ್ತಲೆಯಲ್ಲಿ, ಬಚ್ಚಲ ಹೊಗೆಯಲ್ಲಿ ತುಂಡು ತುಂಡಾಗಿ ಕಂಡಿದ್ದೆನೇ ಹೊರತು ಹೀಗಲ್ಲ. ಕೆಂಪು ಎಲ್ಲಿ ಬಟ್ಟೆ ಬಿಗಿದಿತ್ತೋ ಅಲ್ಲೇ ಇತ್ತು. ಕೆನ್ನೆ ತಿಳಿಯಾಗಿತ್ತು. ಕಣಕಾಲು ತಿಳಿಯಾಗಿರಲಿಲ್ಲ, ಕಾಲುಚೀಲದ ಗುರುತಿತ್ತು. ಇಷ್ಟು ಸ್ಪಷ್ಟವಾಗಿ ಬರೆದು ತೋರಿಸಿದ್ದಳು ಮಗಳು, ತನ್ನ ಮೈಯ ಮೇಲೆ, ತನಗೆ ಎಲ್ಲಿ ಸೆಕೆಯಾಗುತ್ತಿದೆ ಎಂದು.

ಆಮೇಲೆ ಅವಳು ಕೈ ಎತ್ತಿದಳು.

ಅದುವರೆಗೆ ಅವಳ ಕೈ ಕಟ್ಟಿನೊಳಗೇ ಇರುತ್ತಿತ್ತು. ಎರಡೂ ತೋಳುಗಳನ್ನು ಮೆಲ್ಲಗೆ, ಬಹಳ ಮೆಲ್ಲಗೆ, ತಲೆಯ ಆಚೀಚೆ ಚಾಚಿದಳು. ಮುಷ್ಟಿ ಬಿಚ್ಚಿತು. ಬೆರಳುಗಳು ಒಂದೊಂದಾಗಿ ಅರಳಿ ಗಾಳಿಯಲ್ಲಿ ಏನನ್ನೋ ತಡಕಿದವು. ಕಾಲು ನೀಡಿದಳು. ಮೈಮುರಿದಳು. ದೊಡ್ಡವರು ದಿನವಿಡೀ ದುಡಿದು ಬಂದು ಜಗಲಿಯಲ್ಲಿ ಅಂಗಿ ಬಿಚ್ಚಿ ಕೂತಾಗ ಬಿಡುತ್ತಾರಲ್ಲ, ಅಂಥದೊಂದು ಉಸಿರು ಬಿಟ್ಟಳು. ಎದುರು ಬೆಂಚಿನ ಹೆಂಗಸು, "ಅಯ್ಯೋ ಬಂಗಾರ," ಎಂದಳು. ಗಾಳಿ ಎಂದರೇನು ಎಂದು ಒಂದು ಜೀವ ನನ್ನ ಕಣ್ಣೆದುರಿಗೇ ತಿಳಿದುಕೊಳ್ಳುತ್ತಿತ್ತು.

ಆದರೂ ಮೈ ಇನ್ನೂ ಬಿಸಿ. ಕೈಯಿಟ್ಟು ನೋಡುವುದು, ತೆಗೆಯುವುದು, ಮತ್ತೆ ಇಡುವುದು. ಒಳಗಿನ ವಾರ್ಡಿನ ಬಾಗಿಲು ತೆರೆದಾಗಲೆಲ್ಲ ಅಲ್ಲಿಯ ಮಂಚಗಳು ಕಾಣುತ್ತಿದ್ದವು. ಅವಳ ಕೈಗೆ ಸೂಜಿ ಚುಚ್ಚುವುದಾದರೆ ಎಲ್ಲಿ ಚುಚ್ಚುತ್ತಾರೆ, ಅಷ್ಟು ಸಣ್ಣ ಕೈಯಲ್ಲಿ ನರ ಎಲ್ಲಿದೆ ಎಂದೇ ನಾನು ಯೋಚಿಸುತ್ತಿದ್ದೆ.

ಅಮ್ಮ ತನ್ನಷ್ಟಕ್ಕೆ ಮಾತಾಡತೊಡಗಿದಳು. ನನಗಲ್ಲ, ಎದುರು ಬೆಂಚಿನ ಆ ಹೆಂಗಸಿಗೆ. ಗುರುತಿಲ್ಲದವರಿಗೆ ಹೇಳುವುದು ಸುಲಭವಾಗಿರಬೇಕು.

"ನಂಗೆ ಇವ್ಳಿಗಿಂತ್ ಮುಂಚೆ ಒಂದ್ ಗಂಡ್ ಹುಟ್ಟಿತ್ತ್. ಆಷಾಢದಗೆ. ಮಡ್ಲ್ ಹೊದ್ಸಿದ್ ಮನಿ. ಒಂದಿನ ಗಾಳಿಗೆ ಮಾಡೇ ಹಾರಿ ಹೋಯ್ತ್. ಮಗು ಚಂಡಿ ಆಯ್ತ್. ಒಣ್ಗಿದ್ ಬಟ್ಟಿ ಒಂದೂ ಇರ್ಲಿಲ್ಲೆ. ನನ್ ಮೈಗೇ ಒತ್ಕಂಡ್ ಕೂಕಂಡಿದ್ದೆ, ನನ್ ಮೈಯೂ ತಂಡಿ. ಮಗು ಉಳಿಲಿಲ್ಲೆ."

ನನಗಿಂತ ಮೊದಲು ಒಂದು ಮಗು ಹೋಗಿತ್ತು ಎಂದಷ್ಟೇ ನನಗೆ ಗೊತ್ತಿತ್ತು. ತೆಂಗಿನ ಗರಿಯ ಸೂರು ಹಾರಿ ಮಗು ಒದ್ದೆಯಾದದ್ದು ಗೊತ್ತಿರಲಿಲ್ಲ. ಒಣಗಿದ ಬಟ್ಟೆ ಇರಲಿಲ್ಲ ಎನ್ನುವುದು ಗೊತ್ತಿರಲಿಲ್ಲ. ಅಮ್ಮನ ತೋಳ ಮೇಲಿನ ಬಟ್ಟೆಯ ರಾಶಿಯನ್ನು ನೋಡಿದೆ. ಟವೆಲು, ಫ್ಲಾನೆಲ್, ಸೀರೆ, ಟೊಪ್ಪಿ, ಕಾಲುಚೀಲ. ಎಲ್ಲವೂ ಒಣಗಿದವು. ಬಿಸಿಲಿಗೆ ಹಾಕಿ, ಮಡಚಿ, ಹೆರಿಗೆಗೆ ತಿಂಗಳುಗಳ ಮೊದಲೇ ಅವಳು ಪೆಟ್ಟಿಗೆಯಲ್ಲಿ ಕೂಡಿಟ್ಟವು.

"ಹಾಲ್ ಕುಡ್ಸಿ ಕಾಂಬ," ಎಂದಳು ಎದುರಿನ ಹೆಂಗಸು, ಕಣ್ಣೊರೆಸಿಕೊಂಡು.

ಎತ್ತಿ ಎದೆಗಿಟ್ಟೆ. ಮಗಳು ಒಂದು ಕ್ಷಣ ಮೂಗಿನಿಂದ ಹುಡುಕಿದಳು. ಆಮೇಲೆ ಹಿಡಿದಳು. ಬೆಳಿಗ್ಗೆಯ ಹಾಗಲ್ಲ. ಗಟಗಟ ಕುಡಿಯುವ ಸದ್ದು ಪಕ್ಕದಲ್ಲಿದ್ದ ಅಮ್ಮನಿಗೂ ಕೇಳುವಷ್ಟು. ಅಮ್ಮ ಕಣ್ಣು ಮುಚ್ಚಿ ಕೈಮುಗಿದಳು.

ನರ್ಸು ಮತ್ತೆ ಥರ್ಮಾಮೀಟರ್ ಇಟ್ಟರು. ಅದನ್ನು ಬೆಳಕಿಗೆ ಹಿಡಿದು ನೋಡಿ, ತುಟಿಯ ತುದಿಯಲ್ಲೇ ನಕ್ಕು, "ಇಳೀತ್," ಎಂದರು.

ಡಾಕ್ಟರು ಬೆನ್ನು, ಕುತ್ತಿಗೆ, ಕಂಕುಳು ಎಲ್ಲ ಮತ್ತೊಮ್ಮೆ ನೋಡಿದರು. ಕೀವು ಇದೆಯೇ ಎಂದು ಹುಡುಕಿದರು, ಇರಲಿಲ್ಲ. "ಬೆವರುಸಾಲೆ," ಎಂದರು. "ದೊಡ್ಡವರಿಗೆ ಆಗುವುದಿಲ್ಲವೇ, ಅದೇ. ಈ ಮಗುವಿನ ಚರ್ಮ ಇನ್ನೂ ಬೆವರಲು ಕಲಿಯುತ್ತಿದೆ. ಬೆವರು ಹೊರಗೆ ಬರುವ ದಾರಿ ಪೂರಾ ತೆರೆದಿಲ್ಲ. ಅದರ ಮೇಲೆ ಎಣ್ಣೆ, ಪೌಡರು, ಬಟ್ಟೆ. ಪಾಪ, ಅದು ಎಲ್ಲಿಗೆ ಹೋಗಬೇಕು?"

ಇನ್ನೂ ಬೆವರಲು ಕಲಿಯುತ್ತಿದೆ. ಈ ಮಾತು ನನ್ನೊಳಗೆ ಇಂದಿಗೂ ಗುಂಯ್‌ಗುಡುತ್ತದೆ. ಉಸಿರಾಡುವುದನ್ನು, ಹಾಲು ಕುಡಿಯುವುದನ್ನು ಕಲಿಯುತ್ತದೆ ಎಂದುಕೊಂಡಿದ್ದೆ. ಬೆವರುವುದನ್ನೂ ಕಲಿಯಬೇಕೇ? ನಮ್ಮ ಮನೆಯಲ್ಲಿ ಎಲ್ಲರಿಗೂ ಬರುತ್ತಿದ್ದ ಒಂದೇ ವಿದ್ಯೆ ಅದು!

"ಮದ್ದ್?" ಎಂದಳು ಅಮ್ಮ.

"ಮದ್ದಿಲ್ಲ ಅಮ್ಮ. ಎಣ್ಣೆ ಬೇಡ, ಪೌಡರು ಬೇಡ. ಉಗುರು ಬೆಚ್ಚಗಿನ ನೀರಲ್ಲಿ ಮೀಸಿ, ಮಡಿಕೆಗಳನ್ನು ಒತ್ತಿ ಒರೆಸಿ. ತೆಳ್ಳಗಿನ ಹತ್ತಿಯ ಬಟ್ಟೆ ಒಂದು ಸಾಕು. ಗಾಳಿ ಬೆಳಕು ಬರುವಲ್ಲಿ ಮಲಗಿಸಿ. ಬಟ್ಟೆ ತೆಗೆದರೂ ಮೈ ಸುಟ್ಟರೆ, ಹಾಲು ಬಿಟ್ಟರೆ, ಗುಳ್ಳೆಯಲ್ಲಿ ಕೀವು ಕಂಡರೆ ಆ ಕ್ಷಣ ಹೊರಟು ಬನ್ನಿ."

ಗಾಳಿ ಎಂಬ ಶಬ್ದಕ್ಕೆ ಅಮ್ಮ ತಲೆ ತಗ್ಗಿಸಿದಳು. ನರ್ಸು ಹೊರಗಿನ ಮಾತನ್ನೆಲ್ಲ ಹೇಳಿದ್ದರೋ ಏನೋ, ಡಾಕ್ಟರು ದನಿ ತಗ್ಗಿಸಿ ಹೇಳಿದರು. "ಆ ಮಗುವಿಗೆ ಬೆಚ್ಚಗೆ ಬೇಕಿತ್ತು. ನಿಮ್ಮ ಕೈಯಲ್ಲಿದ್ದದ್ದೆಲ್ಲ ಮಾಡಿದಿರಿ. ಅದು ಆಷಾಢ. ಇದು ಏಪ್ರಿಲ್. ಈ ಮಗುವಿಗೆ ತಂಪು ಬೇಕು."

ಅಮ್ಮ ಎದ್ದಳು. ಹೊರಗೆ ಬಂದು ಚೀಲ ತೆರೆದು, ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಕಂಬಳಿಯ ಮೇಲೆ ಇಟ್ಟಳು. ಅಷ್ಟರಲ್ಲಿ ಸುದ್ದಿ ತಿಳಿದ ರಾಘು ಟೆಂಪೊ ನಿಲ್ಲಿಸಿ ಓಡಿ ಬಂದರು. ಕ್ಲಿನಿಕ್ಕಿನ ನಲ್ಲಿಯಲ್ಲಿ ಮೊಣಕೈವರೆಗೆ ಕೈ ತೊಳೆದು ಅಮ್ಮನೆದುರು ಚಾಚಿದರು, ಶಾಲೆಯಲ್ಲಿ ಉಗುರು ತೋರಿಸುವ ಮಕ್ಕಳ ಹಾಗೆ.

"ತಂಡಿ ಇತ್ತ್ ಅತ್ತೆ," ಎಂದರು.

"ತಂಡಿಯೇ ಬೇಕಂಬ್ರ್ ಈಗ," ಎಂದು ಅಮ್ಮ ಮಗುವನ್ನು ಆ ಕೈಗಳಲ್ಲಿಟ್ಟಳು.

ಮನೆಗೆ ಬಂದು ಅಮ್ಮ ಸೀದಾ ಪಡುಬದಿಯ ಕೋಣೆಗೆ ಹೋದಳು. ಸಂದುಗಳಿಂದ ಚಿಂದಿ ಎಳೆದು ತೆಗೆಯುವ ಸದ್ದು ಕೇಳಿತು. ಉಪ್ಪುಗಾಳಿಗೆ ತುಕ್ಕು ಹಿಡಿದ ಚಿಲಕ ಏಳಲಿಲ್ಲ. ಮೀನು ಕೊಯ್ಯುವ ಕತ್ತಿಯ ಹಿಡಿಯಿಂದ ಅದನ್ನು ಗುದ್ದಿದಳು. ಕಿಟಕಿ ತೆರೆದದ್ದೇ, ಅಷ್ಟು ದಿನ ಹೊರಗೆ ಕಾದು ನಿಂತಿದ್ದ ಗಾಳಿ ಒಂದೇ ಸಲ ಒಳಗೆ ನುಗ್ಗಿತು. ಕ್ಯಾಲೆಂಡರು ಪಟಪಟ ಹೊಡೆದುಕೊಂಡಿತು. ದೇವರ ಪಕ್ಕದಲ್ಲಿದ್ದ ನನ್ನ ಡಿಗ್ರಿ ಓರೆಯಾಯಿತು.

ಅಮ್ಮ ಬೆದರಿದಳು. ಕಿಟಕಿ ಮುಚ್ಚಲಿಲ್ಲ. ಕಿಟಕಿಗೂ ತೊಟ್ಟಿಲಿಗೂ ನಡುವೆ ಮಣೆ ಹಾಕಿಕೊಂಡು, ಕಡಲಿಗೆ ಬೆನ್ನು ಮಾಡಿ ಕೂತುಬಿಟ್ಟಳು. ಬರುವ ಗಾಳಿಯೆಲ್ಲ ಮೊದಲು ಅವಳ ಬೆನ್ನಿಗೆ ಬಡಿಯಬೇಕು. ಅವಳ ಅಕ್ಕಪಕ್ಕದಿಂದ ಸೋಸಿ ಉಳಿದಷ್ಟು ಮಾತ್ರ ಮಗುವಿಗೆ.

"ಎಂತ ಅಮ್ಮ ಇದು?"

"ಸುಮ್ನಿರ್. ಒಂದೇ ಸರ್ತಿಗೆ ಬ್ಯಾಡ."

ಮರುದಿನ ಸೀತಕ್ಕ ಎಣ್ಣೆಯ ಬಟ್ಟಲು ಹಿಡಿದು ಬಂದವರು ಬಾಗಿಲಲ್ಲೇ ನಿಂತರು. "ಹ್ವಾಯ್, ಇದೆಂತ ಬಾಣಂತಿ ಕೋಣಿಯೋ, ಗಂಗೊಳ್ಳಿ ಬಂದರೋ?"

"ಎಣ್ಣಿ ಬ್ಯಾಡಂಬ್ರ್ ಸೀತಕ್ಕ. ನೀರೂ ಉಗುರ್ ಬೆಚ್ಚಗ್ ಸಾಕಂಬ್ರ್."

"ಎಣ್ಣಿ ಇಲ್ದೆ ಮೀಸುದಂದ್ರೆ ಪಾತ್ರಿ ತೊಳ್ದಂಗೆ," ಎಂದು ಗೊಣಗಿದರು ಸೀತಕ್ಕ. ಆದರೂ ಕಾಲು ಚಾಚಿ ಕೂತರು. ತಿಕ್ಕದೆ, ಬರಿಯ ಅಂಗೈಯಿಂದ ನೀರು ಹರಿಸಿ ಮೀಸಿದರು. ಕುತ್ತಿಗೆಯ ಮಡಿಕೆಯನ್ನು ಒಂದು ಬೆರಳಿನಿಂದ ಬಿಡಿಸಿ ಹೂವಿನ ಎಸಳು ಒರೆಸುವ ಹಾಗೆ ಒರೆಸಿದರು. ಆ ದೊರಗು ಕೈಗಳಿಗೆ ಅಷ್ಟು ಹಗುರವಾಗಲು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಎಣ್ಣೆಯ ಬಟ್ಟಲನ್ನು ಹೋಗುವಾಗ ನನ್ನ ತಲೆಗೆ ಖಾಲಿ ಮಾಡಿದರು.

ಕೆಂಪು ಬಂದ ದಾರಿಯಲ್ಲೇ ಹಿಂದೆ ಸರಿಯಿತು. ಮೊದಲು ಎದೆ ಬಿಟ್ಟಿತು, ಆಮೇಲೆ ಬೆನ್ನು. ಹಣೆಯ ಹರಳುಗಳು ಒಡೆದು ಸಣ್ಣ ಹೊಟ್ಟಾಗಿ ಉದುರಿದವು, ಅಡಿಯಲ್ಲಿ ಹೊಸ ಚರ್ಮ. ಕುತ್ತಿಗೆಯ ಮಡಿಕೆ ಕೊನೆಗೆ. ಯಾರೂ ಏನೂ ಹಚ್ಚಲಿಲ್ಲ. ಮಾಡುತ್ತಿದ್ದುದನ್ನು ನಿಲ್ಲಿಸಿದೆವು, ಅಷ್ಟೇ. ಉಳಿದದ್ದನ್ನು ಆ ಸಣ್ಣ ಮೈ ತಾನೇ ಮಾಡಿಕೊಂಡಿತು. ನಾನು ಇಷ್ಟೆಲ್ಲ ಕಷ್ಟಪಟ್ಟು ಓದಿದವಳು, ಏನನ್ನಾದರೂ ಮಾಡದೆ ಏನೂ ಸಿಗುವುದಿಲ್ಲ ಎಂದು ನಂಬಿದವಳು. ಸುಮ್ಮನೆ ಬಿಟ್ಟರೆ ಸರಿಹೋಗುವುದೂ ಲೋಕದಲ್ಲಿದೆ ಎಂದು ಮಗಳ ಬೆನ್ನು ನೋಡಿ ತಿಳಿದೆ.

ಅಮ್ಮ ದಿನಾ ಗಾಳಿ ಏಳುವ ಹೊತ್ತಿಗೆ ಮಣೆಯ ಮೇಲೆ ಬಂದು ಕೂರುತ್ತಿದ್ದಳು. ದಿನಾ ಮಣೆ ಸ್ವಲ್ಪ ಸ್ವಲ್ಪ ಬದಿಗೆ ಸರಿಯುತ್ತಿತ್ತು. ನಾನು ಕಂಡರೂ ಕಾಣದ ಹಾಗೆ ಇರುತ್ತಿದ್ದೆ. ಒಂದು ದಿನ ಅವಳು ಕೇಳಿದಳು, ಕಡಲ ಕಡೆ ನೋಡುತ್ತ, "ಅವ್ನಿಗೆ ಒಂದ್ ಒಣ್ಗಿದ್ ಬಟ್ಟಿ ಇದ್ದಿರೆ ಉಳೀತಿದ್ನಾ ಹೆಣೆ?"

"ಗೊತ್ತಿಲ್ಲೆ ಅಮ್ಮ," ಎಂದೆ. ಅವಳು ತಲೆಯಾಡಿಸಿದಳು. ಸುಳ್ಳು ಸಮಾಧಾನ ಹೇಳದೆ ಇದ್ದದ್ದೇ ಅವಳಿಗೆ ಸಾಕಾದಂತಿತ್ತು.

ಆ ಮಧ್ಯಾಹ್ನವೇ ಇರಬೇಕು. ಕರೆಂಟು ಇರಲಿಲ್ಲ. ಮಗಳು ತೊಟ್ಟಿಲಲ್ಲಿ ಒಂದೇ ಒಂದು ತೆಳು ಬಟ್ಟೆಯ ಮೇಲೆ ಕೈಕಾಲು ಚೆಲ್ಲಿ ನಿದ್ದೆ ಹೋಗಿದ್ದಳು. ಗಾಳಿ ಇನ್ನೂ ಎದ್ದಿರಲಿಲ್ಲ. ಬಾಗಿ ನೋಡುತ್ತಿದ್ದೆ. ಅವಳ ಮೇಲ್ದುಟಿಯ ಮೇಲೆ, ಮೂಗಿನ ಕೆಳಗೆ, ಏನೋ ಮಿನುಗಿತು. ಮತ್ತೆ ಗುಳ್ಳೆಯೇ? ಬೆರಳ ತುದಿ ತಾಗಿಸಿದೆ. ಅದು ಬೆರಳಿಗೆ ಬಂತು.

ಬೆವರು. ಚರ್ಮದ ಒಳಗಲ್ಲ, ಮೇಲೆ. ದಾರಿ ಸಿಕ್ಕಿ ಹೊರಗೆ ಬಂದ ಹನಿ.

"ಅಮ್ಮಾ, ಬಾ ಇಲ್ಲಿ. ಕಾಣ್."

ಅಮ್ಮ ಬಂದು ನನ್ನ ಬೆರಳನ್ನು ನೋಡಿದಳು, ಮಗುವಿನ ತುಟಿಯನ್ನು ನೋಡಿದಳು. ಅಲ್ಲಿ ಇನ್ನೊಂದು ಹನಿ ಏಳುತ್ತಿತ್ತು. ಸೂಜಿಮೊನೆಯಷ್ಟಿದ್ದದ್ದು ತುಂಬಿ ದುಂಡಗಾಗಿ ನಿಂತಿತು. ಬಿಸಿಲಲ್ಲಿ ಬುಟ್ಟಿ ಹೊತ್ತು ನಡೆದ ಅಮ್ಮನ ಹಣೆಯಲ್ಲಿ ಜೀವಮಾನವಿಡೀ ಇಳಿದ ಅದೇ ನೀರು, ಇಲ್ಲಿ ಈಗಷ್ಟೇ ಶುರುವಾಗುತ್ತಿತ್ತು.

"ಕಲ್ತ್‌ಕಂಡ್ತ್," ಎಂದಳು ಅಮ್ಮ, ಪಿಸುಮಾತಿನಲ್ಲಿ.

ಅಷ್ಟರಲ್ಲಿ ಹೊರಗೆ ಗಾಳಿಮರಗಳು ಸುಯ್ಯೆಂದವು. ಗಾಳಿ ಬರುವ ಸದ್ದು ಬರುವ ಮೊದಲೇ ಕೇಳುತ್ತದೆ ನಮ್ಮಲ್ಲಿ. ಅಮ್ಮ ಅಭ್ಯಾಸದಂತೆ ಮಣೆಯ ಕಡೆ ಹೋದಳು. ಬಗ್ಗಿ ಅದನ್ನೆತ್ತಿದಳು. ಕೂರಲಿಲ್ಲ. ಮಣೆಯನ್ನು ಗೋಡೆಗೆ ಒರಗಿಸಿಟ್ಟು, ಕಿಟಕಿಯ ಬದಿಗೆ ಸರಿದು, ಮನೆಗೆ ಬಂದ ನೆಂಟರಿಗೆ ದಾರಿ ಬಿಡುವ ಹಾಗೆ ನಿಂತಳು.